ಕಾರವಾರ ಬೀಚಿನಲ್ಲಿ ಕಚ್ಚಿದ್ದು ಮರಳು ನೊಣವಾ?

ಟಾಗೋರ್ ಬೀಚಿನಲ್ಲಿ ಸಂಜೆ ಕೂತಿದ್ದಾಗ ಕಾಲಿಗೆ ಏನೋ ಕಚ್ಚಿ ದದ್ದು ಎದ್ದಿದೆ, ‘ಸ್ಯಾಂಡ್ ಫ್ಲೈ’ (ಮರಳು ನೊಣ) ಅಂತ ಹುಡುಕಿದರೆ ಅದು ಕಚ್ಚಿ ಹರಡುವ ಲೀಶ್ಮೇನಿಯಾ ಅನ್ನುವ ಚರ್ಮರೋಗದ ಹುಣ್ಣಿನ ಫೋಟೋ ಬಂತು, ನನಗೂ ಬರುತ್ತಾ ಅಂತ ಕೇಳಿದ್ದೀರಿ. ಬರುವ ಸಾಧ್ಯತೆ ತೀರಾ ಕಡಿಮೆ ಮಾರಾಯ್ರೆ.

ನಿಮ್ಮನ್ನು ಹೆದರಿಸಿದ್ದು ಆ ಹೆಸರು. ಮರಳು ನೊಣದ ಮೈ ಮರಳಿನ ಬಣ್ಣ, ಅಷ್ಟೇ. ಅದು ಬೀಚಿನ ಪ್ರಾಣಿ ಅಲ್ಲ. ಸ್ವಲ್ಪ ಗಾಳಿ ಬೀಸಿದರೂ ಅದಕ್ಕೆ ಹಾರಲು ಆಗುವುದಿಲ್ಲ, ಇನ್ನು ಕಡಲ ಗಾಳಿಗೆ ಎಲ್ಲಿ ತಡೆದೀತು? ನಿಮಗೆ ಕಚ್ಚಿದ್ದು ಹೆಚ್ಚಾಗಿ ನುಸಿ ಇರಬೇಕು. ಕಾಳಿ ನದಿ ಕಡಲು ಸೇರುವ ಕಡೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬುಡದಲ್ಲಿ ಕೆಸರಿದೆಯಲ್ಲ, ಅಂಥ ಜಾಗದಲ್ಲಿ ಹುಟ್ಟಿ ಸಂಜೆಗೆ ಮುತ್ತಿಕೊಳ್ಳುತ್ತವೆ.

ನಿಜವಾದ ಮರಳು ನೊಣ ನೋಡಬೇಕಾ? ನಮ್ಮ ಮನೆ ಶಿರಸಿ ಹತ್ತಿರ. ಮಳೆ ಬಿಟ್ಟ ಒಂದು ರಾತ್ರಿ ಕೊಟ್ಟಿಗೆಯ ಮಣ್ಣುಗೋಡೆಗೆ ಟಾರ್ಚ್ ಹಿಡಿದು ನೋಡಿದ್ದೆ. ಎರಡು-ಮೂರು ಮಿಲಿಮೀಟರ್ ಉದ್ದ, ಮೈತುಂಬಾ ರೋಮ. ರೆಕ್ಕೆ ಮಡಚುವುದಿಲ್ಲ, ಇಂಗ್ಲಿಷಿನ ವಿ ಅಕ್ಷರದ ಹಾಗೆ ಎತ್ತಿಕೊಂಡೇ ಕೂರುತ್ತದೆ. ಬೆರಳು ಹತ್ತಿರ ತಂದರೆ ದೂರ ಹಾರದೆ ಪುಟಕ್ ಅಂತ ಪಕ್ಕಕ್ಕೆ ಜಿಗಿಯುತ್ತದೆ. ಸೊಳ್ಳೆಯ ಹಾಗೆ ಗುಂಯ್ ಅನ್ನುವುದೂ ಇಲ್ಲ. ಮೊಟ್ಟೆ ಇಡುವುದಕ್ಕೆ ನೀರು ಬೇಡ: ಸಗಣಿ, ಕೊಳೆತ ದರಕು ಬೆರೆತ ತೇವದ ಮಣ್ಣು, ಗೋಡೆಯ ಬಿರುಕು, ಹೆಗ್ಗಣದ ಬಿಲ ಸಾಕು. ಹುಟ್ಟಿದ ಜಾಗದಿಂದ ಕೆಲವು ನೂರು ಮೀಟರ್ ಆಚೆ ಹೋಗುವುದೇ ಅಪರೂಪ. ಕಚ್ಚುವುದು ಹೆಣ್ಣು ಮಾತ್ರ. ಗೋಡೆಯ ಮೇಲೆ ಕಂಡಿದ್ದೆಲ್ಲ ಅಪಾಯ ಅಂತಲೂ ಅಲ್ಲ. ಸೆರ್ಜೆಂಟೊಮಿಯಾ ಅನ್ನುವ ಜಾತಿಗೆ ನಮಗಿಂತ ಹಲ್ಲಿಯ ರಕ್ತವೇ ಇಷ್ಟ.

ನೊಣ ಇದ್ದರೆ ಸಾಲದು, ಅದರೊಳಗೆ ಲೀಶ್ಮೇನಿಯಾ ಪರಾವಲಂಬಿ ಇರಬೇಕು. ನೊಣ ರೋಗ ಇದ್ದವರ ರಕ್ತ ಕುಡಿದ ಮೇಲೆ ಆ ಪರಾವಲಂಬಿ ಅದರ ಹೊಟ್ಟೆಯಲ್ಲಿ ಬೆಳೆದು ಗಂಟಲ ಹತ್ತಿರ ಅಂಟಿನ ಹಾಗೆ ಕಟ್ಟಿಕೊಳ್ಳುತ್ತದೆ. ಆಮೇಲೆ ಪಾಪ ಆ ನೊಣಕ್ಕೆ ರಕ್ತ ಸರಿಯಾಗಿ ಎಳೆಯಲಾಗದು. ಮತ್ತೆ ಮತ್ತೆ ಚುಚ್ಚುತ್ತದೆ, ಚುಚ್ಚಿದಾಗೆಲ್ಲ ಒಳಗಿದ್ದದ್ದನ್ನು ನಮ್ಮ ಚರ್ಮಕ್ಕೆ ಕಕ್ಕುತ್ತದೆ. ನಮ್ಮ ದೇಶದಲ್ಲಿ ಈ ಚರ್ಮದ ಹುಣ್ಣಿಗೆ ಹೆಸರಾದ ಊರು ರಾಜಸ್ಥಾನದ ಬಿಕಾನೇರ್. ಹಾಗಂತ ಘಟ್ಟಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಅನ್ನಲಾರೆ. ಇದೇ ಪಶ್ಚಿಮ ಘಟ್ಟದ ದಕ್ಷಿಣ ತುದಿ, ಕೇರಳದ ಅಗಸ್ತ್ಯಮಲೆಯಲ್ಲಿ ಕಾಣಿ ಬುಡಕಟ್ಟಿನವರಿಗೆ ಈ ಹುಣ್ಣು ಬಂದಿದೆ. ಆದರೆ ಶಿರಸಿ, ಸಿದ್ದಾಪುರದ ಕಾಡಿಗೆ ಹೋಗುವವರು ಮೊದಲು ಹೆದರಬೇಕಾದ್ದು ಉಣ್ಣಿಗೆ. ಮಂಗನ ಕಾಯಿಲೆ ಹರಡುವುದು ಅದರಿಂದ.

ನಿಮ್ಮ ದದ್ದು ಕಚ್ಚಿದ ದಿನವೇ ಎದ್ದು ತುರಿಸುತ್ತಿದೆ ಅಂದಿರಿ. ಲೀಶ್ಮೇನಿಯಾ ಹಾಗಲ್ಲ. ಕಚ್ಚಿ ವಾರಗಳೋ ತಿಂಗಳುಗಳೋ ಕಳೆದ ಮೇಲೆ ಸಣ್ಣ ಗಂಟು ಏಳುತ್ತದೆ, ನಿಧಾನಕ್ಕೆ ಒಡೆದು ಅಂಚು ದಪ್ಪಗಿರುವ ಹುಣ್ಣಾಗುತ್ತದೆ. ಸಾಮಾನ್ಯವಾಗಿ ನೋವು ಇರುವುದಿಲ್ಲ. ಹಾಗಾಗಿ ಜನ ಸುಮ್ನೆ ಬಿಟ್ಟುಬಿಡುತ್ತಾರೆ. ಕೊನೆಗೆ ವಾಸಿಯಾದರೂ ಕಲೆ ಉಳಿಯುತ್ತದೆ.

ಕೊಟ್ಟಿಗೆ ಪಕ್ಕದ ಕೋಣೆಯಲ್ಲಿ ಮಲಗುವವರಾದರೆ ಫ್ಯಾನ್ ಜೋರಾಗಿ ಇಡಿ. ಮಾಮೂಲಿ ಸೊಳ್ಳೆಪರದೆಯ ಕಣ್ಣಿನಲ್ಲಿ ಮರಳು ನೊಣ ನುಸುಳುತ್ತದೆ, ಸಣ್ಣ ಕಣ್ಣಿನ ಪರದೆಯೇ ಬೇಕು. ಈಗ ದದ್ದನ್ನು ಕೆರೆದು ಹುಣ್ಣು ಮಾಡಿಕೊಳ್ಳಬೇಡಿ. ತಿಂಗಳಾದರೂ ಮಾಯದ ಗಂಟು ಉಳಿದರೆ ಚರ್ಮದ ಡಾಕ್ಟರಿಗೆ ತೋರಿಸಿ. ಹಿಂದಿನ ವರ್ಷ ಎಲ್ಲೆಲ್ಲಿ ತಿರುಗಿದ್ದಿರಿ ಅಂತಲೂ ಹೇಳಿ. ಬಿಕಾನೇರಿನ ಮಾತು ಬಂದರೆ ಅವರು ಪರೀಕ್ಷೆ ಮಾಡುವ ದಾರಿಯೇ ಬೇರೆ.