ಮರ್ರಾಕೆಶ್‌ನ ಪೇಟೆಯಲ್ಲಿ ಚೌಕಾಸಿ ಮಾಡುವುದು ತಪ್ಪೇ?

ಮೊರಾಕ್ಕೋ ಪ್ರವಾಸಕ್ಕೆ ಹೊರಟಿರುವ ನೀವು, ನಮಗಿಂತ ಬಡವರಾಗಿರಬಹುದಾದ ವ್ಯಾಪಾರಿಗಳೊಂದಿಗೆ ಚೌಕಾಸಿ ಮಾಡುವುದು ನ್ಯಾಯವೇ ಎಂದು ಕೇಳಿದ್ದೀರಿ. ಮರ್ರಾಕೆಶ್‌ನ ಜಮಾ ಎಲ್-ಫ್ನಾ ಚೌಕದ ಉತ್ತರಕ್ಕೆ ಹರಡಿರುವ ಸೂಕ್ ಎಂಬ ಪೇಟೆಬೀದಿಗಳಲ್ಲಿ ಚರ್ಮದ ಚಪ್ಪಲಿ, ದೀಪ, ಜಮಖಾನೆಗಳಿಗೆ ಸಾಮಾನ್ಯವಾಗಿ ಬೆಲೆಚೀಟಿ ಇರುವುದಿಲ್ಲ. ಮೊದಲು ಹೇಳುವ ಬೆಲೆ ಮಾತುಕತೆಯ ಆರಂಭವಷ್ಟೇ ಎಂಬುದು ಅಂಗಡಿಯವರಿಗೂ ಊರಿನ ಗಿರಾಕಿಗಳಿಗೂ ತಿಳಿದಿರುವುದರಿಂದ, ಅಲ್ಲಿ ಚೌಕಾಸಿ ಯಾರಿಗೂ ಅವಮಾನವಲ್ಲ.

ತಪ್ಪು ನುಸುಳುವುದು ಬೇರೆಡೆ. ಕೊಳ್ಳುವ ಮನಸ್ಸಿಲ್ಲದೆ ಅರ್ಧ ಗಂಟೆ ಚೌಕಾಸಿ ನಡೆಸಿ, ನೀವೇ ಹೇಳಿದ ಬೆಲೆಗೆ ಅಂಗಡಿಯವರು ಒಪ್ಪಿದ ಮೇಲೆ ಎದ್ದುಹೋಗುವುದು ಮಾತಿಗೆ ತಪ್ಪಿದಂತೆ. ಅದನ್ನು ನಾನು ದುಬಾರಿ ಬೆಲೆ ಹೇಳುವುದಕ್ಕಿಂತ ದೊಡ್ಡ ತಪ್ಪೆಂದೇ ಭಾವಿಸುತ್ತೇನೆ. ಅಟ್ಲಾಸ್ ಬೆಟ್ಟಗಳ ಹಳ್ಳಿಗಳಲ್ಲಿ ಹೆಂಗಸರು ಕೈಯಿಂದಲೇ ನೇಯುವ ದೊಡ್ಡ ಜಮಖಾನೆಯೊಂದಕ್ಕೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ದುಡಿಮೆ ಬೇಕು. ಅಂಗಡಿಯಲ್ಲಿ ಬೆಲೆಯನ್ನು ಹಿಂಡಿದಷ್ಟೂ ಎಷ್ಟೋ ಕೈ ದಾಟಿ ಅವರಿಗೆ ತಲುಪುವ ಪಾಲು ಸಣ್ಣದಾಗಬಹುದು.

ನಗರದಲ್ಲಿ ಸರ್ಕಾರದ ಆಶ್ರಯದಲ್ಲಿರುವ ಆನ್ಸಾಂಬ್ಲ್ ಆರ್ಟಿಸನಾಲ್ ಎಂಬ ಕರಕುಶಲ ಕೇಂದ್ರದಲ್ಲಿ ಬೆಲೆಗಳು ಹೆಚ್ಚುಕಡಿಮೆ ನಿಗದಿಯಾಗಿರುತ್ತವೆ. ಮೊದಲು ಅಲ್ಲಿ ವಿಚಾರಿಸಿಕೊಂಡು ಹೋದರೆ, ನಿಮಗೂ ಮೋಸವಾಗದ, ಅವರಿಗೂ ನಷ್ಟವಾಗದ ಬೆಲೆಯ ಅಂದಾಜು ಸಿಗುತ್ತದೆ. ರೊಟ್ಟಿ, ಕಿತ್ತಳೆ ರಸದಂಥ ಕೆಲವೇ ದಿರ್ಹಮ್‌ಗಳ ವಸ್ತುಗಳಿಗೆ ಮಾತ್ರ ದಯವಿಟ್ಟು ಚೌಕಾಸಿ ಮಾಡಬೇಡಿ.