ಒಯ್ಮ್ಯಾಕಾನ್‌ನಲ್ಲಿ ಕಾರು ಸ್ಟಾರ್ಟ್ ಆಗುವುದು ಹೇಗೆ?

ಸೈಬೀರಿಯಾದ ಒಯ್ಮ್ಯಾಕಾನ್‌ನಲ್ಲಿ ಮೈನಸ್ 50 ಡಿಗ್ರಿಯಲ್ಲೂ ಕಾರು ಹೇಗೆ ಓಡುತ್ತದೆ, ಎಂಜಿನ್ ತಂಪಾಗಿಡುವ ದ್ರವವಾದ ಕೂಲಂಟ್‌ಗೆ ನೀರು ಬೆರೆಸದೆ ಹಾಕಿದರೆ ಸಾಕಲ್ಲವೇ ಎಂದು ಕೇಳಿದ್ದೀರಿ. ಖಂಡಿತ ಬೇಡ. ಕೂಲಂಟ್‌ನ ಮುಖ್ಯ ಅಂಶವಾದ ಎಥಿಲೀನ್ ಗ್ಲೈಕಾಲ್ ಶುದ್ಧವಾಗಿದ್ದರೆ ಸುಮಾರು ಮೈನಸ್ 13ಕ್ಕೇ ಹೆಪ್ಪುಗಟ್ಟುತ್ತದೆ. ಅರ್ಧಕ್ಕರ್ಧ ನೀರು ಬೆರೆಸಿದರೆ ಮೈನಸ್ 37ರವರೆಗೆ, 60 ಭಾಗ ಗ್ಲೈಕಾಲ್‌ಗೆ 40 ಭಾಗ ನೀರಾದರೆ ಮೈನಸ್ 50ರ ಆಸುಪಾಸಿನವರೆಗೆ ತಡೆಯುತ್ತದೆ. ಆ ಊರು ಕಣಿವೆಯಲ್ಲಿದೆ, ಭಾರವಾದ ತಣ್ಣನೆ ಗಾಳಿ ಅಲ್ಲೇ ಇಳಿದು ನಿಲ್ಲುತ್ತದೆ. 1933ರ ಫೆಬ್ರವರಿಯಲ್ಲಿ ಮೈನಸ್ 67.7 ದಾಖಲಾಗಿದೆ. ಅಂಥ ಚಳಿಗೆ ಕೂಲಂಟ್ ಒಂದನ್ನೇ ನಂಬಿ ಕೂರುವಂತಿಲ್ಲ.

ಹಾಗಾಗಿ ಎಂಜಿನ್ ತಣ್ಣಗಾಗಲು ಬಿಡುವುದೇ ಇಲ್ಲ. ಬಿಸಿ ಗ್ಯಾರೇಜ್ ಇದ್ದರೆ ಸರಿ, ಇಲ್ಲದಿದ್ದರೆ ನಿಲ್ಲಿಸಿದಾಗಲೂ ಎಂಜಿನ್ ಓಡುತ್ತಲೇ ಇರುತ್ತದೆ. ಬಾನೆಟ್ ಒಳಗೆ ದಪ್ಪ ಹೊದಿಕೆ, ಜೊತೆಗೆ ಇಂಧನದಿಂದ ಉರಿಯುವ ಪ್ರೀಹೀಟರ್. ಅದು ಮೊದಲು ಕೂಲಂಟ್ ಬಿಸಿಮಾಡುತ್ತದೆ, ಆಮೇಲೆ ಸ್ಟಾರ್ಟ್.

ಡೀಸೆಲ್ ಗಾಡಿಯ ಪಾಡು ಇನ್ನೂ ಕಷ್ಟ. ಸಾಮಾನ್ಯ ಡೀಸೆಲ್‌ನಲ್ಲಿರುವ ಪ್ಯಾರಾಫಿನ್ ಮೇಣ ಹರಳುಗಟ್ಟಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಟ್ಯಾಂಕ್ ತುಂಬಿದ್ದರೂ ಎಂಜಿನ್ ನಿಂತುಹೋಗುತ್ತದೆ. ಅದಕ್ಕೇ ಕಡು ಚಳಿಗೆಂದೇ ತಯಾರಿಸಿದ ಆರ್ಕ್ಟಿಕ್ ದರ್ಜೆಯ ಡೀಸೆಲ್ಲೇ ಬೇಕು.

ಕಿಟಕಿಗಳನ್ನೂ ಗಮನಿಸಿ: ಗಾಜಿನ ಮೇಲೆ ಇನ್ನೊಂದು ಗಾಜು ಅಂಟಿಸಿ, ನಡುವೆ ಸಣ್ಣ ಗಾಳಿಯ ಪದರ ಬಿಟ್ಟಿರುತ್ತಾರೆ. ಇಲ್ಲದಿದ್ದರೆ ಉಸಿರಿನ ತೇವವೇ ಒಳಗೆ ಮಂಜಾಗಿ ಹೊರಗೇನೂ ಕಾಣಿಸದು. ಇನ್ನು ರಾತ್ರಿಯಿಡೀ ನಿಂತ ಟೈರು ನೆಲಕ್ಕೆ ತಾಗಿದ ಕಡೆ ಚಪ್ಪಟೆಯಾಗಿಯೇ ಗಟ್ಟಿಯಾಗಿರುತ್ತದೆ. ರಬ್ಬರ್ ಬಿಸಿಯಾಗುವವರೆಗೆ ನಿಧಾನವಾಗಿ ಓಡಿಸಬೇಕು.