ಹಗಿ ಊರಿನ ಪಾಚಿ ಹಿಡಿದ ದೀಪಗಂಬಗಳು

ಜಪಾನಿನ ಹಳೆಯ ಸಾಮಂತ ಮನೆತನದ, ಜನ ಅಷ್ಟಾಗಿ ಸುಳಿಯದ ಸಮಾಧಿ ನೋಡಲು ದೂರ ಹೋಗುವುದು ಸಾರ್ಥಕವೇ ಅಂತ ಕೇಳಿದ್ದೀರಿ. ನಾನು ಹೋಗಿದ್ದು ಯಾಮಾಗುಚಿ ಪ್ರಾಂತ್ಯದ ಹಗಿಗೆ, ಜಿಟಿಜಿಟಿ ಮಳೆಯ ದಿನ. ನನ್ನ ಮಟ್ಟಿಗೆ ಸಾರ್ಥಕ.

ಅಲ್ಲಿ ಆಳಿದ್ದು ಮೋರಿ ಮನೆತನ. (ನಗಬೇಡಿ, ನಮ್ಮ ಬೀದಿಯ ಮೋರಿಗೂ ಅವರಿಗೂ ಸಂಬಂಧವಿಲ್ಲ.) 1600ರ ಸೆಕಿಗಹಾರ ಯುದ್ಧದಲ್ಲಿ ಸೋತ ಪಕ್ಷದಲ್ಲಿದ್ದು, ರಾಜ್ಯದ ಬಹುಪಾಲು ಕಳೆದುಕೊಂಡು ಈ ಕಡಲಂಚಿಗೆ ಬಂದವರು. ಅವರ ಸಮಾಧಿಗಳು ಎರಡು ದೇವಾಲಯಗಳಲ್ಲಿ ಹಂಚಿಹೋಗಿವೆ. ಮೂರನೆಯ, ಐದನೆಯ, ಏಳನೆಯ ಹೀಗೆ ಬೆಸಸಂಖ್ಯೆಯ ದೊರೆಗಳು ತೋಕೋಜಿಯಲ್ಲಿ. ಮೊದಲನೆಯವನೂ ಸಮಸಂಖ್ಯೆಯವರೂ ದೈಶೋಇನ್‌ನಲ್ಲಿ. ಪ್ರವಾಸಿಗರು ಹೆಚ್ಚಾಗಿ ತೋಕೋಜಿ ನೋಡಿ ವಾಪಸಾಗುತ್ತಾರೆ. ನೀವು ದೈಶೋಇನ್‌ಗೆ ಹೋಗಿ.

ಪೂರ್ತಿ ಪಾಳುಬಿದ್ದ ಜಾಗವೇನಲ್ಲ, 1981ರಿಂದ ರಾಷ್ಟ್ರೀಯ ಸ್ಮಾರಕ. ಆದರೆ ಕಾಡು ಮೆಲ್ಲಗೆ ಒಳಗೆ ಬರುತ್ತಿದೆ. ಆರುನೂರಕ್ಕೂ ಹೆಚ್ಚು ಕಲ್ಲಿನ ದೀಪಗಂಬಗಳು ಮರದ ನೆರಳಲ್ಲಿ ಸಾಲಾಗಿ ನಿಂತಿವೆ. ಒಂದರ ಹತ್ತಿರ ಕೂತು ನೋಡಿದೆ: ತಲೆಯ ಮೇಲೆ ಬೆರಳು ಹುದುಗುವಷ್ಟು ದಪ್ಪ ಪಾಚಿ, ದೀಪವಿಡುವ ಗೂಡಿನಲ್ಲಿ ಕೊಳೆತ ಎಲೆ. ಕಾಣಿಕೆ ಕೊಟ್ಟ ಸೇವಕನ ಹೆಸರು ಕಂಬದ ಮೇಲೆ ಅರ್ಧ ಮಾತ್ರ ಉಳಿದಿದೆ.

ದೊರೆಗಳ ಗೋರಿಗಳು ಐದು ಕಲ್ಲುಗಳನ್ನು ಪೇರಿಸಿದ ಆಕಾರದವು. ಕೆಳಗಿನಿಂದ ಚೌಕ, ಗುಂಡು, ಮನೆಯ ಮಾಡು, ಅರ್ಧಚಂದ್ರ, ತುದಿಗೆ ಮೊಗ್ಗು. ಅಂದರೆ ಭೂಮಿ, ನೀರು, ಬೆಂಕಿ, ಗಾಳಿ, ಆಕಾಶ. ನಮ್ಮ ಪಂಚಭೂತಗಳೇ, ಬೌದ್ಧರ ಜೊತೆ ಅಷ್ಟು ದೂರ ನಡೆದುಹೋಗಿವೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ದೊರೆಗಳಲ್ಲ. 1651ರಲ್ಲಿ ಮೊದಲ ದೊರೆ ಹಿದೆನಾರಿ ತೀರಿಕೊಂಡಾಗ ಏಳು ಮಂದಿ ಸೇವಕರು ಅವನ ಹಿಂದೆಯೇ ಪ್ರಾಣ ಬಿಟ್ಟರು. ಅವರ ಗೋರಿಗಳೂ ಅಲ್ಲೇ ಇವೆ. ಹಳೇಬೀಡಿನಲ್ಲಿ, ದೊರೆಯ ಹಿಂದೆಯೇ ಪ್ರಾಣ ಬಿಟ್ಟ ಕುವರ ಲಕ್ಷ್ಮನ ಕಂಬ ನೋಡಿದವರಿಗೆ ಇದು ಹೊಸದಲ್ಲ. ಆದರೆ ಇಲ್ಲಿ ಎಂಟನೆಯದೊಂದು ಗೋರಿಯಿದೆ: ಆ ಏಳರಲ್ಲಿ ಒಬ್ಬನ ಆಳಿನದು. ಯಜಮಾನ ಸತ್ತನೆಂದು ಅವನೂ ಸತ್ತ. 1663ರಲ್ಲಿ ಜಪಾನ್ ಆಳುತ್ತಿದ್ದ ತೊಕುಗಾವ ಸರ್ಕಾರ ಈ ಪದ್ಧತಿಯನ್ನೇ ನಿಷೇಧಿಸಿತು. ಹನ್ನೆರಡು ವರ್ಷ ತಡವಾಯಿತು.

ಹಗಿ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಹಿಡಿತವಿರುವ ಶೂ ಹಾಕಿಕೊಳ್ಳಿ, ಕಲ್ಲು ಜಾರುತ್ತದೆ. ಸೊಳ್ಳೆಯಂತೂ ಬಿಡುವುದಿಲ್ಲ. ದೀಪಗಂಬಕ್ಕೆ ಒರಗಿ ಫೋಟೋ ತೆಗೆಸಿಕೊಳ್ಳಬೇಡಿ, ಕೆಲವು ಸಡಿಲವಾಗಿವೆ. ಆಗಸ್ಟ್ 13ರ ರಾತ್ರಿ ಅಷ್ಟೂ ಗೂಡುಗಳಲ್ಲಿ ದೀಪ ಹಚ್ಚುತ್ತಾರೆ. ಆವತ್ತು ಮಾತ್ರ ಜನಜಂಗುಳಿ.